ಇಂಡಿಯಾನಾ ಜೋನ್ಸ್ ಸರಣಿಯ ಮುಂದಿನ ಭಾಗಗಳು ಎಲ್ಲಿ ಸೋತವು: ಪದೇ ಪದೇ ಕೇಳುವ ಪ್ರಶ್ನೆಗಳು

ಚಿತ್ರದುರ್ಗದಲ್ಲಿ ನಾವು ಕೆಲವು ಗೆಳೆಯರು ತಿಂಗಳಿಗೊಮ್ಮೆ ಒಬ್ಬರ ಮನೆಯ ಪಡಸಾಲೆಯಲ್ಲಿ ಸೇರಿ ಹಳೆಯ ಚಿತ್ರಗಳನ್ನು ನೋಡುತ್ತೇವೆ. ದಾವಣಗೆರೆಯಿಂದಲೂ ನಾಲ್ಕೈದು ಮಂದಿ ಬಸ್ಸು ಹತ್ತಿ ಬರುತ್ತಾರೆ. ಇಂಡಿಯಾನಾ ಜೋನ್ಸ್ ಸರಣಿಯ ಐದೂ ಚಿತ್ರಗಳನ್ನು ಒಂದರ ಹಿಂದೆ ಒಂದರಂತೆ ನೋಡಿ ಮುಗಿಸಿದ ಮೇಲೆ, ಮೊದಲನೆಯದನ್ನು ಅಷ್ಟು ಮೆಚ್ಚುವ ನಾನು ಉಳಿದವುಗಳ ವಿಷಯದಲ್ಲಿ ಏಕೆ ಇಷ್ಟು ನಿಷ್ಠುರವಾಗಿ ಮಾತನಾಡುತ್ತೇನೆ ಎಂದು ಹಲವರು ಕೇಳಿದರು. ಕೇಳಿದ ಪ್ರಶ್ನೆಗಳನ್ನೇ ಮುಂದಿಟ್ಟುಕೊಂಡು ಉತ್ತರ ಬರೆದಿದ್ದೇನೆ. ಕಥೆಯ ಕೊನೆಗಳನ್ನು ಮುಚ್ಚಿಟ್ಟಿಲ್ಲ. ಇನ್ನೂ ನೋಡದವರು ನೋಡಿದ ಮೇಲೆ ಓದುವುದು ಒಳ್ಳೆಯದು.

ಈ ಸರಣಿಯಲ್ಲಿ ಎಷ್ಟು ಚಿತ್ರಗಳಿವೆ? ಯಾವುದು ಯಾವಾಗ ಬಂತು?

ಐದು. 'ರೈಡರ್ಸ್ ಆಫ್ ದಿ ಲಾಸ್ಟ್ ಆರ್ಕ್' 1981ರಲ್ಲಿ, 'ಟೆಂಪಲ್ ಆಫ್ ಡೂಮ್' 1984ರಲ್ಲಿ, 'ಲಾಸ್ಟ್ ಕ್ರುಸೇಡ್' 1989ರಲ್ಲಿ, 'ಕಿಂಗ್‌ಡಮ್ ಆಫ್ ದಿ ಕ್ರಿಸ್ಟಲ್ ಸ್ಕಲ್' 2008ರಲ್ಲಿ ಮತ್ತು 'ಡಯಲ್ ಆಫ್ ಡೆಸ್ಟಿನಿ' 2023ರಲ್ಲಿ ತೆರೆಕಂಡವು. ಮೊದಲ ನಾಲ್ಕನ್ನು ಸ್ಟೀವನ್ ಸ್ಪೀಲ್‌ಬರ್ಗ್ ನಿರ್ದೇಶಿಸಿದರು, ಐದನೆಯದನ್ನು ಜೇಮ್ಸ್ ಮ್ಯಾಂಗೋಲ್ಡ್. ನಾಯಕನಾಗಿ ಹ್ಯಾರಿಸನ್ ಫೋರ್ಡ್ ಮತ್ತು ಸಂಗೀತಕ್ಕೆ ಜಾನ್ ವಿಲಿಯಮ್ಸ್ ಐದರಲ್ಲೂ ಇದ್ದಾರೆ. ಮುಂದೆ ಇವುಗಳನ್ನು ಮೊದಲನೆಯದು, ಎರಡನೆಯದು ಎಂದೇ ಕರೆಯುತ್ತೇನೆ.

ಮೊದಲ ಚಿತ್ರದಲ್ಲಿ ಅಂಥದ್ದೇನಿದೆ? ಅದೂ ಓಡಾಟ, ಹೊಡೆದಾಟದ ಚಿತ್ರವೇ ಅಲ್ಲವೇ?

ಓಡಾಟ, ಹೊಡೆದಾಟದ ಚಿತ್ರವೇ ಹೌದು. ಆದರೆ ಆ ಓಡಾಟದಲ್ಲಿ ಒಬ್ಬ ಮನುಷ್ಯನ ಮೈ ಇದೆ. ಆರಂಭದ ಗುಹೆಯ ದೃಶ್ಯವನ್ನು ನೆನಪಿಸಿಕೊಳ್ಳಿ. ಚಿನ್ನದ ಮೂರ್ತಿಯನ್ನು ಪೀಠದಿಂದ ಎತ್ತಿದರೆ ಭಾರದ ವ್ಯತ್ಯಾಸಕ್ಕೆ ಏನಾದರೂ ಅನಾಹುತ ಆಗಬಹುದೆಂದು ಪುರಾತತ್ವಜ್ಞ ನಾಯಕ ಇಂಡಿಯಾನಾ ಜೋನ್ಸ್, ಅಂದರೆ ಇಂಡಿ, ಮರಳು ತುಂಬಿದ ಚೀಲವೊಂದನ್ನು ತಂದಿರುತ್ತಾನೆ. ಮೂರ್ತಿಯನ್ನು ನೋಡುತ್ತಾನೆ, ಗದ್ದ ಸವರಿಕೊಳ್ಳುತ್ತಾನೆ, ಚೀಲವನ್ನು ಅಂಗೈಯಲ್ಲಿ ತೂಗುತ್ತಾನೆ, ಹೆಚ್ಚಾಯಿತೆನ್ನಿಸಿ ಒಂದಿಷ್ಟು ಮರಳನ್ನು ಹೊರಗೆ ಸುರಿಯುತ್ತಾನೆ. ಆಮೇಲೆ ಥಟ್ಟನೆ ಅದಲುಬದಲು ಮಾಡುತ್ತಾನೆ. ಒಂದು ಕ್ಷಣ ಗೆದ್ದೆನೆಂದುಕೊಳ್ಳುತ್ತಾನೆ, ಅಷ್ಟರಲ್ಲಿ ಪೀಠ ಕುಸಿಯತೊಡಗುತ್ತದೆ. ಆ ಕೈತೂಕ ತಪ್ಪಾಗಿತ್ತು. ನಾಯಕ ತಿಳಿದವನು, ಆದರೂ ತಪ್ಪುವವನು ಎಂಬುದು ಒಂದು ಮಾತೂ ಇಲ್ಲದೆ ನಮಗೆ ತಿಳಿದುಹೋಗುತ್ತದೆ. ಅಷ್ಟೆಲ್ಲ ಕಷ್ಟಪಟ್ಟು ತಂದ ಮೂರ್ತಿಯನ್ನೂ ಹೊರಗೆ ಬಂದ ಕೂಡಲೇ ಎದುರಾಳಿ ಬೆಲ್ಲೋಕ್ ಕಸಿದುಕೊಳ್ಳುತ್ತಾನೆ.

ಇದಕ್ಕಿಂತ ದೊಡ್ಡ ಉದಾಹರಣೆ ಮರುಭೂಮಿಯ ಲಾರಿಯ ದೃಶ್ಯ. ಕುದುರೆಯಿಂದ ಲಾರಿಗೆ ಹಾರಿದ ಇಂಡಿಯ ತೋಳಿಗೆ ಗುಂಡು ತಗಲುತ್ತದೆ, ಗಾಯವಾದ ಜಾಗಕ್ಕೇ ಸೈನಿಕನೊಬ್ಬ ಗುದ್ದುತ್ತಾನೆ, ಮುಂದಿನ ಗಾಜು ಒಡೆದು ಬಾನೆಟ್ ಮೇಲೆ ಬೀಳುತ್ತಾನೆ, ಹಿಡಿದ ಕಂಬಿಗಳು ಒಂದೊಂದಾಗಿ ಮುರಿಯುತ್ತವೆ, ಲಾರಿಯ ಅಡಿಗೆ ಜಾರಿ, ಚಾವಟಿಯನ್ನು ಸಿಕ್ಕಿಸಿಕೊಂಡು, ರಸ್ತೆಯ ಮೇಲೆ ಎಳೆದಾಡಿಸಿಕೊಂಡು, ಮತ್ತೆ ಹಿಂದಿನಿಂದ ಹತ್ತಿ ಬರುತ್ತಾನೆ. ಇಷ್ಟಕ್ಕೇ ಬಿಟ್ಟಿದ್ದರೆ ಅದು ಒಳ್ಳೆಯ ಸ್ಟಂಟ್ ಎನಿಸಿಕೊಳ್ಳುತ್ತಿತ್ತು. ಚಿತ್ರ ಅಲ್ಲಿಗೆ ಬಿಡುವುದಿಲ್ಲ. ಮುಂದೆ ಹಡಗಿನ ಕೋಣೆಯಲ್ಲಿ ಅವನ ಹಳೆಯ ಪ್ರೇಯಸಿ ಮೇರಿಯನ್ ಅವನ ಗಾಯ ಒರೆಸಲು ಕೂತಾಗ ಮುಟ್ಟಿದಲ್ಲೆಲ್ಲ ಅವನು ನರಳುತ್ತಾನೆ. ಹಾಗಾದರೆ ನೋಯದ ಜಾಗ ಯಾವುದು ಎಂದು ಅವಳು ರೇಗುತ್ತಾಳೆ. ಅವನು ಮೊಣಕೈ ತೋರಿಸುತ್ತಾನೆ, ಹಣೆ ತೋರಿಸುತ್ತಾನೆ, ಕಣ್ಣು, ತುಟಿ. ಅವಳು ಒಂದೊಂದಕ್ಕೂ ಮುತ್ತಿಡುತ್ತಾಳೆ. ಅಷ್ಟರಲ್ಲಿ ಅವನಿಗೆ ನಿದ್ದೆ ಹತ್ತಿರುತ್ತದೆ. ಲಾರಿಯ ಮೇಲೆ ತಿಂದ ಪೆಟ್ಟಿನ ಲೆಕ್ಕ ಹಡಗಿನಲ್ಲಿ ಸಂದಾಯವಾಗುತ್ತದೆ. ನನ್ನ ಮಟ್ಟಿಗೆ ಇಡೀ ಸರಣಿಯ ಅಳತೆಗೋಲು ಈ ಎರಡು ದೃಶ್ಯಗಳ ನಡುವಿನ ಸಂಬಂಧ.

ಹಾಗಾದರೆ ಮುಂದಿನ ಭಾಗಗಳ ಮುಖ್ಯ ಕೊರತೆ ಯಾವುದು?

ಅವು ನಾಯಕನ ಟೋಪಿ, ಚಾವಟಿ, ಹಾವಿನ ಭಯ ಇವೆಲ್ಲವನ್ನೂ ಜೋಪಾನ ಮಾಡಿದವು, ಅವನ ಮೈನೋವನ್ನು ಮರೆತವು. ಎರಡನೆಯ ಚಿತ್ರದಲ್ಲಿ ಮೂವರು ವಿಮಾನದಿಂದ ಗಾಳಿ ತುಂಬಿದ ರಬ್ಬರ್ ದೋಣಿಯೊಂದರಲ್ಲಿ ಕೆಳಗೆ ಧುಮುಕಿ, ಹಿಮದ ಇಳಿಜಾರಿನಲ್ಲಿ ಜಾರಿ, ಹೊಳೆಗೆ ಬಿದ್ದು, ಮೈ ಒದ್ದೆಯಾಗಿ ಎದ್ದುಬರುತ್ತಾರೆ. ನಾಲ್ಕನೆಯ ಚಿತ್ರದಲ್ಲಿ ಇಂಡಿ ಸೀಸದ ಒಳಪದರವಿರುವ ಫ್ರಿಜ್ಜಿನೊಳಗೆ ಅಡಗಿಕೊಳ್ಳುತ್ತಾನೆ, ಅಣುಬಾಂಬಿನ ಸ್ಫೋಟಕ್ಕೆ ಆ ಫ್ರಿಜ್ಜು ಬಲು ದೂರ ಹಾರಿ ನೆಲಕ್ಕೆ ಅಪ್ಪಳಿಸುತ್ತದೆ, ಬಾಗಿಲು ತೆರೆದುಕೊಂಡು ಅವನು ಹೊರಗೆ ಉರುಳುತ್ತಾನೆ. ಮುಂದೆ ಅದೇ ಚಿತ್ರದಲ್ಲಿ ಒಂದಲ್ಲ, ಸಾಲಾಗಿ ಮೂರು ಜಲಪಾತಗಳಿಂದ ಇಡೀ ತಂಡ ಗಾಡಿಸಮೇತ ಬೀಳುತ್ತದೆ, ಯಾರಿಗೂ ಏನೂ ಆಗುವುದಿಲ್ಲ. ಇವು ನಂಬಲು ಅಸಾಧ್ಯ ಎಂಬುದು ನನ್ನ ಆಕ್ಷೇಪವಲ್ಲ. ಮೊದಲ ಚಿತ್ರದ ಲಾರಿ ದೃಶ್ಯವನ್ನೂ ತರ್ಕಕ್ಕೆ ಹಚ್ಚಿದರೆ ನಿಲ್ಲುವುದಿಲ್ಲ. ಫ್ರಿಜ್ಜಿನಿಂದ ಉರುಳಿದವನಿಗೆ ನೋಯದ ಜಾಗ ಯಾವುದು ಎಂದು ಕೇಳುವವರು ಆ ಚಿತ್ರದಲ್ಲಿ ಯಾರೂ ಇಲ್ಲ ಎಂಬುದು ನನ್ನ ಆಕ್ಷೇಪ.

ನಮ್ಮೂರಿನವರಿಗೆ ಇದನ್ನು ಹೇಳಲು ಕೋಟೆಗೇ ಕರೆದುಕೊಂಡು ಹೋಗಬಹುದು. ಒನಕೆ ಓಬವ್ವನ ಕಿಂಡಿಯ ಮುಂದೆ ಒಮ್ಮೆ ಬಗ್ಗಿ ನೋಡಿದವರಿಗೆ ಆ ಕಥೆಯ ಬಲ ಎಲ್ಲಿದೆಯೆಂದು ಗೊತ್ತು. ಕಿಂಡಿ ಇಕ್ಕಟ್ಟಾಗಿದೆ. ಹೈದರಾಲಿಯ ಸೈನಿಕರು ಒಬ್ಬೊಬ್ಬರಾಗಿ, ತಲೆ ಮುಂದೆ ಮಾಡಿ, ತೆವಳಿಯೇ ಬರಬೇಕು. ಹೊರಗೆ ಊಟಕ್ಕೆ ಕೂತ ಗಂಡ, ನೀರಿಗೆ ಬಂದ ಹೆಂಡತಿ, ಕೈಗೆ ಸಿಕ್ಕ ಒನಕೆ. ಆ ಕಿಂಡಿಯನ್ನು ಹೆಬ್ಬಾಗಿಲಿನಷ್ಟು ಅಗಲ ಮಾಡಿ, ಸೈನಿಕರ ಸಂಖ್ಯೆಯನ್ನು ಹತ್ತು ಪಟ್ಟು ಹೆಚ್ಚಿಸಿದರೆ ಕಥೆ ದೊಡ್ಡದಾಗುವುದಿಲ್ಲ, ಓಬವ್ವ ಅಲ್ಲಿಂದ ಮಾಯವಾಗುತ್ತಾಳೆ. ಈ ಸರಣಿಯ ನಿರ್ಮಾಪಕರು ಪ್ರತಿ ಸಲವೂ ಕಿಂಡಿಯನ್ನು ಅಗಲ ಮಾಡುತ್ತ ಹೋದರು. ಮೊದಲ ಚಿತ್ರದ ವೆಚ್ಚ ಸುಮಾರು 2 ಕೋಟಿ ಡಾಲರ್, ಐದನೆಯದರದ್ದು ಸುಮಾರು 30 ಕೋಟಿ. ನಡುವೆ ಹಣದ ಬೆಲೆ ಇಳಿದದ್ದನ್ನು ಲೆಕ್ಕಕ್ಕೆ ಹಿಡಿದರೂ ಈ ಅಂತರ ಬಹಳ ದೊಡ್ಡದು.

ಎರಡನೆಯ ಚಿತ್ರ ಭಾರತದಲ್ಲೇ ನಡೆಯುತ್ತದೆ. ನಮಗೆ ಅದು ಹೆಚ್ಚು ಹತ್ತಿರವಾಗಬೇಕಿತ್ತಲ್ಲವೇ?

ಆಗಬೇಕಿತ್ತು, ಅದಕ್ಕೇ ಹೆಚ್ಚು ನೋಯಿಸುತ್ತದೆ. ಚಿತ್ರಕಥೆಗೆ ಭಾರತ ಸರ್ಕಾರ ಆಕ್ಷೇಪಿಸಿದ್ದರಿಂದ ಚಿತ್ರೀಕರಣ ಇಲ್ಲಿ ನಡೆಯಲಿಲ್ಲ. ತಂಡ ಶ್ರೀಲಂಕಾದ ಕ್ಯಾಂಡಿಗೆ ಹೋಯಿತು. ಚಿತ್ರ ಬಂದ ಮೇಲೂ ಇಲ್ಲಿ ಕೆಲಕಾಲ ನಿಷೇಧವಿತ್ತು. ಪರಿಣಾಮವಾಗಿ ಉತ್ತರ ಭಾರತದ್ದೆಂದು ತೋರಿಸುವ ಹಳ್ಳಿಯ ಜನ ಸಿಂಹಳ ಮಾತನಾಡುತ್ತಾರೆ. ಅರಮನೆಯ ಔತಣದಲ್ಲಿ ಹಾವಿನ ಹೊಟ್ಟೆಯಿಂದ ಮರಿಗಳು ಹೊರಬೀಳುತ್ತವೆ, ಸಾರಿನಲ್ಲಿ ಕಣ್ಣುಗುಡ್ಡೆಗಳು ತೇಲುತ್ತವೆ, ಕೋತಿಯ ಮಿದುಳು ಬಡಿಸುತ್ತಾರೆ. ಅದನ್ನು ಹಾಸ್ಯವೆಂದು ಬರೆದವರು, ಊಟಕ್ಕೆ ಕರೆದ ಮನೆಯವರ ಮುಖ ಹೇಗಿರುತ್ತದೆಂದು ಒಂದು ಗಳಿಗೆಯೂ ಯೋಚಿಸಿದಂತಿಲ್ಲ.

ಕಾಳಿಯ ಚಿತ್ರಣ ಇನ್ನೂ ಕೆಟ್ಟದ್ದು. ಹಳ್ಳಿಯವರು ಕಳೆದುಕೊಂಡದ್ದು ಶಿವಲಿಂಗದಂಥ ಒಂದು ಕಲ್ಲು, ಕದ್ದವರು ಕಾಳಿಯ ಆರಾಧಕರು, ಹೀಗೆ ಶಿವನನ್ನೂ ಕಾಳಿಯನ್ನೂ ಎದುರುಬದುರು ನಿಲ್ಲಿಸಿ, ಒಬ್ಬನನ್ನು ದೇವರೆಂದೂ ಇನ್ನೊಬ್ಬಳನ್ನು ದೆವ್ವವೆಂದೂ ತೋರಿಸಲಾಗಿದೆ. ದಾವಣಗೆರೆಯಲ್ಲಿ ದುಗ್ಗಮ್ಮನ ಜಾತ್ರೆಗೆ ಉಡಿ ತುಂಬಲು ಹೋಗುವ ಹೆಂಗಸರ ಸಾಲನ್ನು ಕಂಡವರಿಗೆ, ದುರ್ಗದ ಕೋಟೆಯೊಳಗೆ ಏಕನಾಥೇಶ್ವರಿಗೆ ಕೈಮುಗಿದು ಬೆಳೆದವರಿಗೆ ಇದು ಎಷ್ಟು ಅನ್ಯಾಯವೆಂದು ಬಿಡಿಸಿ ಹೇಳಬೇಕಿಲ್ಲ. ಉಗ್ರರೂಪದ ತಾಯಿ ನಮ್ಮಲ್ಲಿ ಮಕ್ಕಳನ್ನು ಕಾಯುವವಳು. ಚಿತ್ರದಲ್ಲಿ ಅವಳ ಹೆಸರಿನಲ್ಲೇ ಮಕ್ಕಳನ್ನು ಗಣಿಯಲ್ಲಿ ದುಡಿಸುತ್ತಾರೆ.

ಇನ್ನೊಂದು ಸಂಗತಿಯನ್ನು ಹೆಚ್ಚಿನವರು ಗಮನಿಸುವುದಿಲ್ಲ. ಕಥೆ ನಡೆಯುವುದು 1935ರಲ್ಲಿ. ಉಪ್ಪಿನ ಸತ್ಯಾಗ್ರಹ ಆಗಿ ಐದು ವರ್ಷ ಕಳೆದಿದೆ, ನಾಲ್ಕೇ ವರ್ಷದಲ್ಲಿ ನಮ್ಮ ತುರುವನೂರಿನಲ್ಲಿ ಅರಣ್ಯ ಸತ್ಯಾಗ್ರಹ ನಡೆಯಲಿದೆ. ಹಳ್ಳಿಹಳ್ಳಿಯ ಜನ ಎದ್ದು ನಿಂತಿದ್ದ ಅಂಥ ಕಾಲದಲ್ಲಿ, ಈ ಚಿತ್ರದ ಹಳ್ಳಿಯವರು ಆಕಾಶದಿಂದ ಬಿದ್ದ ವಿದೇಶಿಯನೊಬ್ಬನ ಕಾಲು ಹಿಡಿಯುತ್ತಾರೆ, ಕೊನೆಯ ಗಳಿಗೆಯಲ್ಲಿ ಬ್ರಿಟಿಷ್ ಅಧಿಕಾರಿಯ ಪಡೆ ಬಂದು ಗುಂಡು ಹಾರಿಸಿ ಕಾಪಾಡುತ್ತದೆ.

ಈ ಚಿತ್ರದ ಖಳನಾಯಕನಾದ ಅಮರೀಶ್ ಪುರಿಯವರ ಬಗ್ಗೆ ಒಂದು ಮಾತು ಹೇಳಲೇಬೇಕು. ಗಿರೀಶ್ ಕಾರ್ನಾಡರ 'ಕಾಡು' (1973) ಚಿತ್ರದಲ್ಲಿ ಚಂದ್ರೇಗೌಡನಾಗಿ ಅವರನ್ನು ಕಂಡ ಕನ್ನಡಿಗರಿಗೆ ಆ ನಟನ ಆಳ ಗೊತ್ತು. ಅಲ್ಲಿ ಅವರು ಒಂದು ಊರಿನ ಹಗೆತನವನ್ನು ಬರೀ ನೋಟದಲ್ಲಿ ಹೊತ್ತು ನಡೆದಿದ್ದರು. ಇಲ್ಲಿ ಅವರಿಗೆ ಕೊಂಬಿನ ಕಿರೀಟ ತೊಡಿಸಿ, ಎದೆ ಬಗೆದು ಗುಂಡಿಗೆ ಕೀಳುವ ಕೆಲಸ ಕೊಟ್ಟರು. ಅದನ್ನೂ ಅವರು ಶ್ರದ್ಧೆಯಿಂದಲೇ ಮಾಡಿದ್ದಾರೆ.

ಎರಡನೆಯದು ಹಿಂದಿನ ಕಥೆ ಎನ್ನುತ್ತಾರಲ್ಲ, ಅದರಿಂದ ತೊಂದರೆಯೇನು?

ತೊಂದರೆ ಇದೆ. ಮೊದಲ ಚಿತ್ರ 1936ರದ್ದು. ಅದರ ಆರಂಭದಲ್ಲಿ ಇಂಡಿ ಸೂಟ್‌ಕೇಸ್ ತುಂಬಿಕೊಳ್ಳುತ್ತ, ಮಂತ್ರ ಮಾಯೆಗಳಲ್ಲಿ ತನಗೆ ನಂಬಿಕೆಯಿಲ್ಲವೆಂದು ನಗುತ್ತಾನೆ. ಕೊನೆಯಲ್ಲಿ ಆರ್ಕ್ ಎಂಬ ದೈವಶಕ್ತಿಯ ಮಂಜೂಷವನ್ನು ಎದುರಾಳಿಗಳು ತೆರೆದಾಗ ಅದೇ ಮನುಷ್ಯ ತಾನೂ ಕಣ್ಣು ಮುಚ್ಚಿಕೊಂಡು, ಮೇರಿಯನ್‌ಗೂ ನೋಡಬೇಡವೆಂದು ಕೂಗುತ್ತಾನೆ. ನಾಯಕ ಇಲ್ಲದಿದ್ದರೂ ಕಥೆ ಹಾಗೆಯೇ ಮುಗಿಯುತ್ತಿತ್ತು ಎಂದು ಈ ಚಿತ್ರದ ಮೇಲೆ ಒಂದು ಆಪಾದನೆ ಇದೆ. ಆದರೆ ನೋಡಿ ತಿಳಿಯುವುದೇ ಕಸುಬಾದ ಪಂಡಿತನೊಬ್ಬ ನೋಡದೆ ಇರಲು ಒಪ್ಪುವುದು ಸಣ್ಣ ಬದಲಾವಣೆಯೇನಲ್ಲ. ಚಿತ್ರದ ಒಳಗಿನ ಪಯಣ ಅದೇ. ಈಗ 1935ರ ಕಥೆಯನ್ನು ಅದಕ್ಕೆ ಮೊದಲು ಇಟ್ಟರೆ, ಕಲ್ಲುಗಳು ಕೈಯಲ್ಲೇ ಕೆಂಡವಾಗಿ ಉರಿದದ್ದನ್ನು ಕಣ್ಣಾರೆ ಕಂಡವನು ಮರುವರ್ಷವೇ ಇಂಥದ್ದೆಲ್ಲ ಬೊಗಳೆ ಎಂದು ನಗುತ್ತಾನೆ. ಮುಂದಿನ ಭಾಗ ತನ್ನ ಕೊರತೆಯಿಂದ ತಾನು ಸೋಲುವುದು ಬೇರೆ, ಇದು ಮೊದಲಿನದರ ಬುಡಕ್ಕೇ ಕೈಹಾಕಿತು.

ಹೆಣ್ಣುಪಾತ್ರಗಳ ವಿಷಯದಲ್ಲಿ ನಿಮ್ಮ ದೂರೇನು?

ಮೇರಿಯನ್ ಮೊದಲು ಕಾಣಿಸಿಕೊಳ್ಳುವುದು ನೇಪಾಳದ ಹೆಂಡದಂಗಡಿಯಲ್ಲಿ, ತನ್ನ ಎರಡು ಪಟ್ಟು ದಪ್ಪದ ಆಸಾಮಿಯನ್ನು ಕುಡಿತದ ಪಂದ್ಯದಲ್ಲಿ ಮಲಗಿಸುತ್ತ. ಅವಳಿಗೊಂದು ಹಿಂದಿನ ಬದುಕಿದೆ, ಇಂಡಿಯ ಮೇಲೆ ನ್ಯಾಯವಾದ ಸಿಟ್ಟಿದೆ. ಎರಡನೆಯ ಚಿತ್ರದ ವಿಲ್ಲಿಗೆ ಕಿರುಚುವುದಲ್ಲದೆ ಬೇರೆ ಕೆಲಸವನ್ನೇ ಬರೆದಿಲ್ಲ. ನಾಲ್ಕನೆಯದರಲ್ಲಿ ಮೇರಿಯನ್‌ಳನ್ನು ಮರಳಿ ತಂದರು, ನಮಗೆ ಸಂತೋಷವೂ ಆಯಿತು. ಆದರೆ ಮದುವೆಯವರೆಗೆ ನಗುತ್ತ ಗಾಡಿ ಓಡಿಸುವುದಷ್ಟೇ ಅವಳ ಪಾಲಿಗೆ ಬಂತು.

ಮೂರನೆಯದನ್ನೂ ನೀವು ಮೆಚ್ಚುವುದಿಲ್ಲವೇ?

ಮೆಚ್ಚುತ್ತೇನೆ. ಮುಂದಿನ ಭಾಗಗಳಲ್ಲಿ ಮೊದಲನೆಯದರ ಪಕ್ಕ ಕೂರುವ ಯೋಗ್ಯತೆ ಇರುವುದು ಅದಕ್ಕೊಂದಕ್ಕೇ. ಶಾನ್ ಕಾನರಿಯವರ ತಂದೆಯ ಪಾತ್ರ ನಾಯಕನಿಗೆ ಹೊಸದೊಂದು ನೋಯುವ ಜಾಗವನ್ನು ಕೊಟ್ಟಿತು. ಮಗ ಸಾಹಸಿ, ಆದರೆ ತಂದೆಯ ಮುಂದೆ ಇನ್ನೂ ಶಾಲೆಯ ಹುಡುಗ. ಚಿತ್ರದುದ್ದಕ್ಕೂ ತಂದೆ ಅವನನ್ನು ಜೂನಿಯರ್ ಎಂದೇ ಕರೆಯುತ್ತಾನೆ. ಕೊನೆಯಲ್ಲಿ, ಬಿರುಕಿನ ಅಂಚಿನಲ್ಲಿ ಜೋತಾಡುತ್ತ ಪವಿತ್ರ ಬಟ್ಟಲಿಗೆ ಕೈಚಾಚುವ ಮಗನನ್ನು ಮೊದಲ ಸಲ ಇಂಡಿಯಾನಾ ಎಂದು ಮೆಲ್ಲಗೆ ಕರೆದು, ಅದನ್ನು ಬಿಟ್ಟುಬಿಡು ಎನ್ನುತ್ತಾನೆ. ಜೀವಮಾನವೆಲ್ಲ ಆ ಬಟ್ಟಲನ್ನು ಹುಡುಕಿದವನೇ ಹಾಗೆ ಹೇಳುತ್ತಾನೆ. ನಮ್ಮ ಪಡಸಾಲೆಯಲ್ಲಿ ಆ ಹೊತ್ತಿಗೆ ಯಾರೂ ಮಂಡಕ್ಕಿಗೆ ಕೈಹಾಕಲಿಲ್ಲ.

ಆದರೂ ಒಂದು ತಪ್ಪನ್ನು ಮುಚ್ಚಿಡಲಾರೆ. ಮೊದಲ ಚಿತ್ರದಲ್ಲಿ ಗಂಭೀರ ವಿದ್ವಾಂಸನಾಗಿದ್ದ ಮಾರ್ಕಸ್ ಬ್ರಾಡಿ ಇಲ್ಲಿ ತನ್ನದೇ ವಸ್ತುಸಂಗ್ರಹಾಲಯದಲ್ಲಿ ದಾರಿತಪ್ಪುವ ಪೆದ್ದನಾಗಿಬಿಟ್ಟಿದ್ದಾನೆ. ಕೈರೋದ ಗೆಳೆಯ ಸಲ್ಲಾನಿಗೂ ಅದೇ ಗತಿ. ನಗು ಬೇಕೆಂದು ಮೊದಲಿನ ಗೌರವಸ್ಥರನ್ನು ಹಾಸ್ಯಗಾರರನ್ನಾಗಿ ಮಾಡುವುದು ಸುಲಭದ ದಾರಿ, ಅದರ ಬೆಲೆಯನ್ನು ಮೊದಲ ಚಿತ್ರ ತೆರುತ್ತದೆ.

ನಾಲ್ಕನೆಯದರಲ್ಲಿ ಅನ್ಯಗ್ರಹದ ಜೀವಿಗಳು ಬಂದದ್ದೇ ತಪ್ಪೇ?

ಹೆಚ್ಚಿನವರು ಹಾಗೆನ್ನುತ್ತಾರೆ, ನಾನು ಒಪ್ಪುವುದಿಲ್ಲ. ಕಥೆ 1957ರದ್ದು, ಹಾರುವ ತಟ್ಟೆಗಳ ಭಯ ಆ ಕಾಲದ ಅಮೆರಿಕಕ್ಕೆ ಸಹಜ. ಕೆಟ್ಟದ್ದು ಎಂದರೆ ಚಿತ್ರಕ್ಕೆ ತನ್ನ ವಸ್ತುವಿನ ಬಗ್ಗೆಯೇ ಕುತೂಹಲವಿಲ್ಲ. ಸ್ಫಟಿಕದ ತಲೆಬುರುಡೆಗಳು ನಿಜಕ್ಕೂ ಇವೆ. ಬ್ರಿಟಿಷ್ ಮ್ಯೂಸಿಯಂನಲ್ಲಿರುವ ಒಂದನ್ನು 1897ರಲ್ಲಿ ಕೊಳ್ಳಲಾಯಿತು, ಬಹುಕಾಲ ಅದನ್ನು ಮೆಕ್ಸಿಕೋದ ಪುರಾತನ ಜನರ ಕೈಕೆಲಸವೆಂದು ನಂಬಲಾಗಿತ್ತು. ಮೇಲ್ಮೈಯ ಗೆರೆಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ, ಆ ಜನರ ಬಳಿ ಇರದಿದ್ದ ತಿರುಗುವ ಚಕ್ರದಿಂದ ಉಜ್ಜಿದ ಗುರುತುಗಳು ಕಂಡವು. ಪ್ರಾಚೀನವೆಂದು ಪ್ರಪಂಚವನ್ನೇ ನಂಬಿಸಿದ ನಕಲಿ ವಸ್ತು, ಅದನ್ನು ಎದುರಿಸುವ ಮುದಿ ಪುರಾತತ್ವಜ್ಞ. ಇಷ್ಟು ಒಳ್ಳೆಯ ಕಥೆ ಕೈಯಲ್ಲೇ ಇತ್ತು! ಅದರ ಬದಲು ಪೆರುವಿನ ಕಾಡಿನಲ್ಲಿ ಮೆಕ್ಸಿಕೋದ ಮಾದರಿಯ ಪಿರಮಿಡ್ಡು, ಆಂಡೀಸ್ ಬೆಟ್ಟಗಳ ಕೆಚುವಾ ಭಾಷೆಯನ್ನು ಮೆಕ್ಸಿಕೋದ ಬಂಡುಕೋರರಿಂದ ಕಲಿತೆನೆಂಬ ವಿವರಣೆ. ಹಂಪಿಯ ಕಲ್ಲಿನ ರಥವನ್ನು ಮೊಹೆಂಜೊದಾರೊದಲ್ಲಿ ನಿಲ್ಲಿಸಿದರೆ ನಮಗೆ ಹೇಗನ್ನಿಸೀತೋ ಅಲ್ಲಿಯವರಿಗೆ ಹಾಗನ್ನಿಸಿರಬೇಕು.

ಇದು ಮನರಂಜನೆ. ಪುರಾತತ್ವದ ಪಾಠ ಏಕೆ ಬೇಕು?

ಪಾಠ ಬೇಡ, ಕಸುಬಿನ ಮೇಲೆ ಪ್ರೀತಿ ಬೇಕು. ನಮ್ಮೂರಿನ ಪಕ್ಕದ ಚಂದ್ರವಳ್ಳಿಯಲ್ಲಿ ಮೈಸೂರು ಪುರಾತತ್ವ ಇಲಾಖೆಯ ಡಾ. ಎಂ. ಎಚ್. ಕೃಷ್ಣ ಅವರು ಅಗೆಸಿದಾಗ ಶಾತವಾಹನರ ನಾಣ್ಯಗಳ ಜೊತೆ ರೋಮನ್ ನಾಣ್ಯಗಳೂ ಸಿಕ್ಕಿದವು. 1947ರಲ್ಲಿ ಮಾರ್ಟಿಮರ್ ವೀಲರ್ ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಯಲ್ಲೂ ಚಂದ್ರವಳ್ಳಿಯಲ್ಲೂ ಪದರ ಪದರವಾಗಿ ಮಣ್ಣು ಬಿಡಿಸಿ, ದಕ್ಷಿಣ ಭಾರತದ ಬೃಹತ್ ಶಿಲಾಗೋರಿಗಳ ಕಾಲವನ್ನು ಗುರುತಿಸಿದರು. ಗುಂಡು, ಚಾವಟಿ ಒಂದೂ ಇಲ್ಲದೆ, ರೋಮಿನ ದುಡ್ಡು ಈ ಬಂಡೆಗಳ ನಡುವೆ ಹೇಗೆ ಬಂತು ಎಂಬ ಒಂದೇ ಪ್ರಶ್ನೆ ಸಾಹಸದ ರೋಮಾಂಚನ ಕೊಡುತ್ತದೆ. ಮೊದಲ ಚಿತ್ರಕ್ಕೆ ಆ ರೋಮಾಂಚನ ಗೊತ್ತಿತ್ತು. ನಕ್ಷೆಯ ಕೋಣೆಯಲ್ಲಿ ಇಂಡಿ ಕೋಲನ್ನು ನೆಟ್ಟು, ಸೂರ್ಯನ ಕಿರಣ ಹರಳಿನ ಮೂಲಕ ಇಳಿದು ಸರಿಯಾದ ಜಾಗಕ್ಕೆ ಬೀಳುವವರೆಗೆ ಸುಮ್ಮನೆ ಕಾಯುತ್ತಾನೆ. ಮುಂದಿನ ಭಾಗಗಳಲ್ಲಿ ಸುಳಿವುಗಳು ಸಿಗುತ್ತವೆ, ಓದಲಾಗುತ್ತದೆ, ಓಟ ಶುರುವಾಗುತ್ತದೆ. ಕಾಯುವುದಕ್ಕೆ ಯಾರಿಗೂ ಪುರುಸೊತ್ತಿಲ್ಲ.

ದೋಷವೆಲ್ಲ ಗ್ರಾಫಿಕ್ಸ್‌ನದ್ದೇ?

ಅಲ್ಲ. ರಬ್ಬರ್ ದೋಣಿಯ ದೃಶ್ಯ ಕಂಪ್ಯೂಟರ್ ಗ್ರಾಫಿಕ್ಸ್ ಬಳಕೆ ವ್ಯಾಪಕವಾಗುವ ಮೊದಲಿನದು. 1993ರ 'ಜುರಾಸಿಕ್ ಪಾರ್ಕ್'ನಲ್ಲಿ ಗ್ರಾಫಿಕ್ಸ್ ಇದ್ದೂ ಭಯ ಉಳಿದಿತ್ತು. ಎರಡು ಗಂಟೆ ಮೀರಿದ ಆ ಚಿತ್ರದಲ್ಲಿ ಡೈನೋಸಾರ್‌ಗಳು ಕಾಣಿಸಿಕೊಳ್ಳುವುದು ಒಟ್ಟು ಸುಮಾರು 15 ನಿಮಿಷ, ಲೋಟದ ನೀರಿನಲ್ಲಿ ಏಳುವ ಅಲೆಯೇ ಅರ್ಧ ಕೆಲಸ ಮಾಡುತ್ತದೆ. ಅದರ ಮುಂದಿನ ಭಾಗಗಳೂ ಪ್ರಾಣಿಗಳ ಸಂಖ್ಯೆ, ಗಾತ್ರ ಹೆಚ್ಚಿಸಿಕೊಂಡೇ ಹೋದವು. ರೋಗ ಒಂದೇ.

ಹ್ಯಾರಿಸನ್ ಫೋರ್ಡ್‌ರ ವಯಸ್ಸೇ ಸಮಸ್ಯೆಯಾಯಿತೇ?

ಅವರು ಹುಟ್ಟಿದ್ದು 1942ರಲ್ಲಿ. ಐದನೆಯ ಚಿತ್ರ ತೆರೆಗೆ ಬಂದಾಗ ಎಂಬತ್ತು ವರ್ಷ. ವಯಸ್ಸು ಸಮಸ್ಯೆಯಲ್ಲ, ವರ. ಮೈನೋವಿನ ಕಥೆಗೆ ಮುಪ್ಪಿಗಿಂತ ಒಳ್ಳೆಯ ಆಸರೆ ಬೇರೆ ಯಾವುದಿದೆ? ಆದರೆ ಆ ಚಿತ್ರ ತನ್ನ ಮೊದಲ ಇಪ್ಪತ್ತೈದು ನಿಮಿಷಗಳನ್ನು 1944ರ ಕಥೆಗೆ ಕೊಟ್ಟು, ಕಂಪ್ಯೂಟರಿನಿಂದ ನಟನ ಮುಖವನ್ನು ಎಳೆಯದಾಗಿಸಿತು. ಮುಖ ನಲವತ್ತರದು, ದನಿ ಎಂಬತ್ತರದು. ರೈಲಿನ ಮೇಲೆ ಓಡುವ ಆ ಆಕೃತಿ ಬಿದ್ದರೂ ನಮ್ಮ ಎದೆ ಝಲ್ಲೆನ್ನುವುದಿಲ್ಲ.

ಐದನೆಯದರ ಕೊನೆ ನಿಮಗೇಕೆ ಹಿಡಿಸಲಿಲ್ಲ?

ಅರ್ಧ ಹಿಡಿಸಿತು, ಅರ್ಧ ಹಿಡಿಸಲಿಲ್ಲ. ಮಗನನ್ನು ಯುದ್ಧದಲ್ಲಿ ಕಳೆದುಕೊಂಡ, ಹೆಂಡತಿ ದೂರವಾದ ಇಂಡಿ ಕಾಲವನ್ನು ದಾಟಿ ಕ್ರಿ.ಪೂ. 212ರ ಸಿರಾಕ್ಯೂಸ್ ಮುತ್ತಿಗೆಯ ನಡುವೆ ಬೀಳುತ್ತಾನೆ, ಎದುರಿಗೆ ಆರ್ಕಿಮಿಡೀಸ್ ನಿಂತಿದ್ದಾನೆ. ಗುಂಡೇಟಿನಿಂದ ರಕ್ತ ಸೋರುತ್ತಿದ್ದರೂ ತಾನು ಇಲ್ಲೇ ಉಳಿಯುತ್ತೇನೆಂದು ಬೇಡಿಕೊಳ್ಳುತ್ತಾನೆ. ಜೀವಮಾನವಿಡೀ ಚರಿತ್ರೆಯ ಚೂರುಗಳನ್ನು ಆಯ್ದವನು ಈಗ ಚರಿತ್ರೆಯ ಒಳಗೇ ಇದ್ದಾನೆ. ಇಡೀ ಸರಣಿ ಇಂಥ ಒಂದು ಗಳಿಗೆಗಾಗಿ ಕಾದಿತ್ತು ಎನ್ನಿಸುವಂತಿದೆ. ಅವನು ಉಳಿಯಬೇಕೋ ಮರಳಬೇಕೋ ಎಂಬುದನ್ನು ಅವನೇ ತೀರ್ಮಾನಿಸಬೇಕಿತ್ತು, ಮೂರನೆಯ ಚಿತ್ರದಲ್ಲಿ ಬಟ್ಟಲನ್ನು ಬಿಟ್ಟಂತೆ. ಬದಲಿಗೆ ಜೊತೆಗಾತಿ ಹೆಲೆನಾ ಅವನ ಮುಖಕ್ಕೆ ಒಂದು ಗುದ್ದು ಹಾಕುತ್ತಾಳೆ, ಕಣ್ಣು ಬಿಟ್ಟಾಗ ಅವನು ನ್ಯೂಯಾರ್ಕಿನ ಮನೆಯಲ್ಲಿದ್ದಾನೆ.

ಅಲ್ಲಿಗೆ ಮೇರಿಯನ್ ಬರುತ್ತಾಳೆ. ಹಡಗಿನ ಕೋಣೆಯ ಮಾತನ್ನೇ ಇಬ್ಬರೂ ಮತ್ತೆ ಆಡುತ್ತಾರೆ, ಆದರೆ ಈ ಸಲ ನೋಯದ ಜಾಗವನ್ನು ತೋರಿಸುವವಳು ಅವಳು, ಮುತ್ತಿಡುವವನು ಅವನು. ಮೊದಲು ತೋರಿಸುವುದು ಮೊಣಕೈ. ನಲವತ್ತೆರಡು ವರ್ಷಗಳ ಬಳಿಕ ಸರಣಿಗೆ ತಾನು ಮರೆತದ್ದು ನೆನಪಾಯಿತು ಎಂದುಕೊಂಡು ನಾನು ಮುಂದಕ್ಕೆ ಬಾಗಿದೆ. ಅಷ್ಟರಲ್ಲಿ ಕ್ಯಾಮೆರಾ ಅವರಿಬ್ಬರನ್ನು ಬಿಟ್ಟು ಕಿಟಕಿಯತ್ತ ಸರಿಯಿತು. ಹೊರಗೆ ಬಟ್ಟೆ ಒಣಗಿಸುವ ಹಗ್ಗಕ್ಕೆ ಟೋಪಿ ನೇತುಹಾಕಿತ್ತು. ಒಳಗಿನಿಂದ ಒಂದು ಕೈ ಚಾಚಿ ಅದನ್ನು ಸೆಳೆದುಕೊಂಡಿತು.